ಹೊರದೇಶದ ನೆರವಿಗೆ ಊರಿನ ಲೆಕ್ಕವೇ ಬುನಾದಿ

ಬೆಂಗಳೂರು ನಗರವು 2009ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದೊಡನೆ ಸೋದರಿ ನಗರದ ಸಂಬಂಧ ಬೆಳೆಸಿತು. ಇಂಥ ಸುದ್ದಿ ಓದಿದಾಗ, ಇದು ಪಟ್ಟಣದವರ ಬಾಬತ್ತು, ಅಂತರಘಟ್ಟೆಯ ಪಂಚಾಯಿತಿಗೂ ಹೊರದೇಶಕ್ಕೂ ಏನು ನಂಟು ಎಂದು ರೈತ ಬಾಂಧವರಿಗೆ ಅನಿಸುವುದು ಸಹಜ. ಆದರೆ ಅಂಥ ನಂಟು ನಮ್ಮ ನಾಡಿನ ಕೆರೆ ಏರಿಗಳವರೆಗೂ ಬಂದಿದೆ ಎಂಬುದನ್ನು ಮರೆಯಬಾರದು.

ಮೊದಲು ಈ ಹಣ ಬರುವ ದಾರಿಯನ್ನು ತಿಳಿಯಬೇಕು. ವಿದೇಶ ವ್ಯವಹಾರವು ಕೇಂದ್ರ ಸರ್ಕಾರದ ವಿಷಯ. ರಾಜ್ಯವಾಗಲಿ ಪಂಚಾಯಿತಿಯಾಗಲಿ ಹೊರದೇಶದಲ್ಲಿ ನೇರವಾಗಿ ಸಾಲ ಎತ್ತುವಂತಿಲ್ಲ. ವಿಶ್ವಬ್ಯಾಂಕಿನ ಹಣ ದೆಹಲಿಯ ಮೂಲಕ ರಾಜ್ಯಕ್ಕೆ, ಅಲ್ಲಿಂದ ಊರಿಗೆ ಬರುತ್ತದೆ. ಅದರಲ್ಲಿ ಹೆಚ್ಚಿನದು ದಾನವಲ್ಲ, ಸಾಲ. ಅದು ನಾವು ತೆರುವ ತೆರಿಗೆಯಿಂದಲೇ ತೀರಬೇಕು. ಆದ್ದರಿಂದ ಅದರ ಒಂದೊಂದು ರೂಪಾಯಿಯ ಲೆಕ್ಕ ಕೇಳುವ ಹಕ್ಕು ರೈತನಿಗಿದೆ.

ವಿಶ್ವಬ್ಯಾಂಕಿನ ನೆರವಿನ ಸುಜಲ ಜಲಾನಯನ ಯೋಜನೆ 2001ರಿಂದ 2009ರವರೆಗೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ ಮತ್ತು ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. 2002ರಲ್ಲಿ ಮಂಜೂರಾದ ಕೆರೆ ಅಭಿವೃದ್ಧಿ ಯೋಜನೆಯಲ್ಲಿಯೂ ನಮ್ಮ ನೆರೆಯ ಚಿತ್ರದುರ್ಗ, ತುಮಕೂರು ಜಿಲ್ಲೆಗಳಿದ್ದವು. ಅದರಲ್ಲಿ ಗುತ್ತಿಗೆದಾರನನ್ನು ಕಳುಹಿಸಿ ಕೈತೊಳೆದುಕೊಳ್ಳುವ ಪದ್ಧತಿ ಇರಲಿಲ್ಲ. ಕೆರೆ ಬಳಸುವವರೇ ಸಂಘ ಕಟ್ಟಬೇಕಿತ್ತು. ಹೂಳೆತ್ತುವುದು, ಏರಿ ಭದ್ರಪಡಿಸುವುದು, ತೂಬು, ಕಾಲುವೆ ದುರಸ್ತಿ ಇವುಗಳಲ್ಲಿ ಯಾವುದು ಮೊದಲು ಎಂಬ ಮಾತಿನಲ್ಲಿ ಊರಿನವರೂ ಸೇರಬೇಕಿತ್ತು. ವೆಚ್ಚದ ಒಂದು ಪಾಲನ್ನು ಊರಿನವರೇ ವಂತಿಗೆಯಾಗಿ ಕೊಡಬೇಕಿತ್ತು.

ಇದರಲ್ಲಿ ಒಂದು ಪಾಠವಿದೆ. ದೂರದೇಶದ ಬ್ಯಾಂಕು ನಂಬುವುದು ಭಾಷಣವನ್ನಲ್ಲ. ಸಭೆಯ ನಡಾವಳಿಯನ್ನು, ಜಮಾಖರ್ಚಿನ ಪುಸ್ತಕವನ್ನು. ಯೋಜನೆಯ ಅವಧಿ ಮುಗಿದೊಡನೆ ಹಣ ನಿಲ್ಲುತ್ತದೆ, ಅಧಿಕಾರಿಗಳೂ ಹೊರಡುತ್ತಾರೆ. ಕೆರೆ ಊರಿನಲ್ಲೇ ಉಳಿಯುತ್ತದೆ. ಆಮೇಲೆ ಸಂಘ ಸಭೆ ಸೇರದಿದ್ದರೆ, ನೀರಿನ ವಂತಿಗೆ ಕೂಡಿಸದಿದ್ದರೆ, ಎತ್ತಿದ ಹೂಳು ಮತ್ತೆ ತುಂಬಿಕೊಳ್ಳುತ್ತದೆ, ತೂಬು ಸೋರುತ್ತದೆ. ಸಾಲ ಮಾತ್ರ ತೀರಿಸುವುದಿರುತ್ತದೆ.

ಸರ್ಕಾರಕ್ಕೂ ಹೊಣೆಯಿದೆ. ಹೊರದೇಶದ ನೆರವಿನ ಯಾವುದೇ ಯೋಜನೆಯ ಷರತ್ತುಗಳನ್ನು ಸರಳ ಕನ್ನಡದಲ್ಲಿ ಗ್ರಾಮಸಭೆಯ ಮುಂದೆ ಓದಬೇಕು. ಸಾಲವೆಷ್ಟು, ಊರಿನ ಪಾಲೆಷ್ಟು, ಮುಂದಿನ ನಿರ್ವಹಣೆ ಯಾರದು ಎಂಬುದನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಸಬೇಕು. ಕಾಗದದ ಮೇಲಷ್ಟೇ ಇರುವ ಸಂಘಕ್ಕೆ ಹಣ ಕೊಡುವುದು ಹಣವನ್ನು ಕೋಡಿಗೆ ಹರಿಸಿದಂತೆ.

ಅಯ್ಯನಕೆರೆ, ಮದಗದ ಕೆರೆಗಳಂಥ ದೊಡ್ಡ ಕೆರೆಗಳನ್ನು ಹಿರಿಯರು ನಮಗೆ ಬಿಟ್ಟುಹೋಗಿದ್ದಾರೆ. ಅಂತರಘಟ್ಟಮ್ಮನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಒಟ್ಟಾಗಿ ಹೊರಡುವ ಜನಕ್ಕೆ ಕೆರೆಯ ಕೆಲಸಕ್ಕೆ ಒಟ್ಟಾಗುವುದು ಹೊಸದೇನಲ್ಲ. ಬರುವ ಗ್ರಾಮಸಭೆಯೊಳಗೆ ನಾಲ್ಕು ಕೆಲಸ ಮುಗಿಸಿಡಿ: ಕೆರೆಯ ಗಡಿ ಅಳತೆ ಮಾಡಿಸುವುದು, ಅಚ್ಚುಕಟ್ಟಿನ ರೈತರ ಪಟ್ಟಿ ಬರೆಯುವುದು, ಹೂಳಿನ ಆಳ ಗುರುತಿಸುವುದು, ಸಂಘದ ಲೆಕ್ಕವನ್ನು ಎಲ್ಲರ ಮುಂದೆ ಓದುವುದು. ನೆರವು ದೆಹಲಿಯಿಂದ ಬರಲಿ, ಹೊರದೇಶದಿಂದ ಬರಲಿ, ಸಿದ್ಧವಾಗಿರುವ ಊರಿಗೆ ಅದು ದಕ್ಕುತ್ತದೆ. ಬಾರದಿದ್ದರೂ ಈ ನಾಲ್ಕು ಕೆಲಸದಿಂದ ಊರಿಗೆ ನಷ್ಟವಿಲ್ಲ.