ಗಾಜಿನ ಕಡಲಿಗೊಂದು ಕೋಡಿ, ಒಂದು ಸಂಪು

ಸಂಪು ಎಂದರೇನು ಎಂದು ಬೆಂಗಳೂರಿನಲ್ಲಿ ಮನೆ ಮಾಡಿರುವವರಿಗೆ ಹೇಳಿಕೊಡಬೇಕಾಗಿಲ್ಲ. ಕಾವೇರಿ ನೀರು ಬಿಟ್ಟ ದಿನ ನೆಲದಡಿಯ ತೊಟ್ಟಿ ತುಂಬುತ್ತದೆ. ಮೋಟಾರ್ ಹಾಕಿದರೆ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಮನೆಯಲ್ಲಿ ಹವಳ ಮತ್ತು ಕಡಲಮೀನು ಸಾಕುವವರೂ ಇದೇ ಪದವನ್ನು ಬಳಸುತ್ತಾರೆ. ಅವರ ಸಂಪು ಇರುವುದು ಅಕ್ವೇರಿಯಂ ಇಟ್ಟ ಸ್ಟ್ಯಾಂಡಿನ ಒಳಗೆ, ಬಾಗಿಲ ಮರೆಯಲ್ಲಿ. ಅದು ಇನ್ನೊಂದು ಗಾಜಿನ ತೊಟ್ಟಿ. ಮೇಲಿನ ತೊಟ್ಟಿಯ ನೀರು ತಾನಾಗಿ ಅದಕ್ಕೆ ಇಳಿಯುತ್ತದೆ, ಸಣ್ಣ ಪಂಪೊಂದು ಅದನ್ನು ಮತ್ತೆ ಮೇಲಕ್ಕೆ ಹತ್ತಿಸುತ್ತದೆ. ಮನೆಯ ಸಂಪಿನ ನೀರು ಮೇಲೇರಿ ಖರ್ಚಾಗಿಹೋಗುತ್ತದೆ; ಇಲ್ಲಿ ಅದೇ ನೀರು ಹಗಲೂ ರಾತ್ರಿ ಸುತ್ತುತ್ತಿರುತ್ತದೆ.

ಈಗಾಗಲೇ ನಡೆಯುತ್ತಿರುವ ಸಣ್ಣ ತೊಟ್ಟಿಗೆ ಸಂಪು ಜೋಡಿಸಬೇಕೇ ಎಂಬ ಪ್ರಶ್ನೆ ಈ ಹವ್ಯಾಸಕ್ಕಿಳಿದವರಿಗೆ ಒಂದಲ್ಲ ಒಂದು ದಿನ ಎದುರಾಗುತ್ತದೆ. ಉತ್ತರ ಸಿಗಬೇಕಾದರೆ ಸಂಪು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಮೊದಲು ತಿಳಿಯಬೇಕು.

ಹವಳ ನೋಡಲು ಗಿಡದಂತೆಯೋ ಕಲ್ಲಿನಂತೆಯೋ ಕಂಡರೂ ಅದೊಂದು ಪ್ರಾಣಿ. ನಾವು ಸಾಕುವ ಬಹುಪಾಲು ಹವಳಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿದ್ದು, ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೂ ಪಾಲು ಕೊಡುತ್ತದೆ. ನೀರು ಹೆಚ್ಚು ಬಿಸಿಯಾದರೆ ಈ ಸಹವಾಸ ಮುರಿಯುತ್ತದೆ, ಹವಳ ಬಿಳಿಚಿಕೊಳ್ಳುತ್ತದೆ. ಅದಕ್ಕೆ ಹಿತವಾದ ಉಷ್ಣತೆ ಸುಮಾರು 24ರಿಂದ 27 ಡಿಗ್ರಿ ಸೆಲ್ಸಿಯಸ್. ಲವಣಾಂಶ, ಅಂದರೆ ನೀರಿನಲ್ಲಿ ಕರಗಿದ ಉಪ್ಪು, ಸಾವಿರ ಪಾಲಿಗೆ ಸುಮಾರು 35 ಪಾಲು. ಕಡಲಿನಲ್ಲಿ ಈ ಅಂಕಿಗಳು ಬಹಳ ನಿಧಾನವಾಗಿ ಬದಲಾಗುತ್ತವೆ. ನೂರು ಲೀಟರಿನ ತೊಟ್ಟಿಯಲ್ಲಿ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಸಾಕು. ಹವಳ ಸಾಕುವುದೆಂದರೆ ಮುಖ್ಯವಾಗಿ ನೀರನ್ನು ಒಂದೇ ಹದದಲ್ಲಿ ಉಳಿಸಿಕೊಳ್ಳುವುದು.

ಹದ ಕೆಡಿಸುವ ಇನ್ನೊಂದು ಸಂಗತಿ ಗಲೀಜು. ಮೀನಿನ ವಿಸರ್ಜನೆ ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ, ಅದು ವಿಷ. ಕಲ್ಲು ಮರಳಿನ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಕಡಿಮೆ ಅಪಾಯದ ನೈಟ್ರೇಟ್ ಆಗಿ ಬದಲಿಸುತ್ತವೆ. ಹೊಲಕ್ಕೆ ಹಾಕುವ ಗೊಬ್ಬರದಲ್ಲಿರುವ ನೈಟ್ರೇಟ್ ಇದೇ. ಹೆಚ್ಚಾದರೆ ತೊಟ್ಟಿಯಲ್ಲೂ ಅದು ಗೊಬ್ಬರದ ಕೆಲಸವನ್ನೇ ಮಾಡುತ್ತದೆ, ಬೇಡದ ಪಾಚಿಯನ್ನು ಬೆಳೆಸುತ್ತದೆ.

ಈ ಹವ್ಯಾಸದ ಚರಿತ್ರೆಯಲ್ಲಿ ಸಂಪು ಬಂದ ಬಗೆಯೇ ಒಂದು ಪಾಠ. ಜಕಾರ್ತದ ಲೀ ಚಿನ್ ಎಂಗ್ ಅವರು ಬ್ಯಾಕ್ಟೀರಿಯಾ ನೆಲೆಸಿದ ಕಡಲಿನ ‘ಜೀವಂತ ಕಲ್ಲು’ ಮತ್ತು ಗಾಳಿಗುಳ್ಳೆಗಳನ್ನು ನೆಚ್ಚಿಕೊಂಡು ಹವಳ ಸಾಕುವ ವಿಧಾನವನ್ನು 1961ರಲ್ಲೇ ಬರೆದು ತಿಳಿಸಿದ್ದರು. ಅವರಿಗೆ ಸಂಪು ಬೇಕಾಗಿರಲಿಲ್ಲ. 1986ರಲ್ಲಿ ಜಾರ್ಜ್ ಸ್ಮಿಟ್ ಅವರ ಲೇಖನಗಳ ಮೂಲಕ ಡಚ್ ಮಾದರಿಯ ತೊಟ್ಟಿ ಅಮೆರಿಕದಲ್ಲಿ ಜನಪ್ರಿಯವಾಯಿತು. ಅದರಲ್ಲಿ ಅಕ್ವೇರಿಯಂ ಕೆಳಗೊಂದು ಪೆಟ್ಟಿಗೆ, ಪೆಟ್ಟಿಗೆಯ ತುಂಬ ಬ್ಯಾಕ್ಟೀರಿಯಾ ನೆಲೆಸಲು ಪ್ಲಾಸ್ಟಿಕ್ ತುಣುಕುಗಳು, ಅವುಗಳ ಮೇಲೆ ತೊಟ್ಟಿಕ್ಕುವ ನೀರು. ಅಮೋನಿಯಾವನ್ನು ಅದು ಚೆನ್ನಾಗಿಯೇ ನಿಭಾಯಿಸುತ್ತಿತ್ತು. ಆದರೆ ಕೊನೆಗೆ ಉಳಿಯುತ್ತಿದ್ದ ನೈಟ್ರೇಟ್ ಹವಳದ ತೊಟ್ಟಿಗೆ ಹೊರೆಯಾಯಿತು. ಬರಬರುತ್ತ ಜನ ಪ್ಲಾಸ್ಟಿಕ್ ತುಣುಕುಗಳನ್ನು ತೆಗೆದುಹಾಕಿದರು, ಪೆಟ್ಟಿಗೆಯನ್ನು ಮಾತ್ರ ಉಳಿಸಿಕೊಂಡರು. ಇಂದಿನ ಸಂಪು ಹಾಗೆ ಉಳಿದುಕೊಂಡ ಪೆಟ್ಟಿಗೆ. ಅದು ತಾನಾಗಿ ಏನನ್ನೂ ಸೋಸುವುದಿಲ್ಲ; ಸೋಸುವ ಸಾಧನಗಳಿಗೆ ಜಾಗ ಕೊಡುತ್ತದೆ.

ಇನ್ನು ನೀರಿನ ದಾರಿ. ಕೆರೆ ತುಂಬಿದಾಗ ಹೆಚ್ಚಿನ ನೀರು ಕೋಡಿಯಲ್ಲಿ ಹರಿದುಹೋಗುತ್ತದೆ, ಕೆರೆಯ ಮಟ್ಟ ಕೋಡಿಯ ಎತ್ತರವನ್ನು ದಾಟಿ ಹೆಚ್ಚು ಏರುವುದಿಲ್ಲ. ಅಕ್ವೇರಿಯಂ ಮಂದಿ ಓವರ್‌ಫ್ಲೋ ಎನ್ನುವುದು ಇಂಥದೇ ಕೋಡಿಯನ್ನು. ತೊಟ್ಟಿಯ ಮೂಲೆಯಲ್ಲಿ ಹಲ್ಲುಹಲ್ಲಾದ ಅಂಚಿನ ಒಂದು ಪೆಟ್ಟಿಗೆ, ಅದರ ತಳದಿಂದ ಸಂಪಿಗೆ ಇಳಿಯುವ ಪೈಪು. ಪಂಪು ಎಷ್ಟು ನೀರನ್ನು ಮೇಲೆ ತರುತ್ತದೋ ಅಷ್ಟು ನೀರು ಕೋಡಿ ದಾಟಿ ಕೆಳಗಿಳಿಯುತ್ತದೆ. ನೀರಿನ ಮೇಲೆ ಕಟ್ಟುವ ಎಣ್ಣೆಯಂಥ ಪದರವೂ ಜೊತೆಗೇ ಹೋಗುವುದರಿಂದ ಮೇಲ್ಮೈ ತಿಳಿಯಾಗುತ್ತದೆ. ಬೆಳಕು ಚೆನ್ನಾಗಿ ಇಳಿಯುತ್ತದೆ, ಗಾಳಿ ಚೆನ್ನಾಗಿ ಬೆರೆಯುತ್ತದೆ. ಗಂಟೆಗೆ ತೊಟ್ಟಿಯ ಮೂರರಿಂದ ಐದು ಪಟ್ಟು ನೀರು ಸುತ್ತಿದರೆ ಸಾಕು. ಹವಳಕ್ಕೆ ಬೇಕಾದ ಅಲೆಯ ರಭಸವನ್ನು ತೊಟ್ಟಿಯೊಳಗಿನ ವೇವ್‌ಮೇಕರ್ ಕೊಡಬೇಕು, ಸಂಪಿನ ಪಂಪಿನಿಂದ ಅದನ್ನು ನಿರೀಕ್ಷಿಸಬಾರದು.

ಸಂಪಿನೊಳಗೆ ಗಾಜಿನ ಅಡ್ಡಗೋಡೆಗಳಿಂದ ಸಾಮಾನ್ಯವಾಗಿ ಮೂರು ಕೋಣೆ ಮಾಡಿರುತ್ತಾರೆ. ಮೊದಲನೆಯದರಲ್ಲಿ ಕಸ ಹಿಡಿಯುವ ಬಟ್ಟೆಯ ಚೀಲ ಮತ್ತು ಪ್ರೋಟೀನ್ ಸ್ಕಿಮ್ಮರ್. ಬೇಳೆ ಬೇಯುವಾಗ ಮೇಲೆ ಬರುವ ನೊರೆಯನ್ನು ಸೌಟಿನಿಂದ ತೆಗೆಯುತ್ತೇವಲ್ಲ, ಸ್ಕಿಮ್ಮರಿನ ಕೆಲಸವೂ ಹೆಚ್ಚುಕಡಿಮೆ ಅದೇ. ಅದು ಉಪ್ಪುನೀರಿನಲ್ಲಿ ಅತಿ ಸಣ್ಣ ಗಾಳಿಗುಳ್ಳೆಗಳನ್ನು ಎಬ್ಬಿಸುತ್ತದೆ. ಕರಗಿರುವ ಪ್ರೋಟೀನಿನಂಥ ಅಂಶಗಳು ಗುಳ್ಳೆಗಳ ಮೈಗೆ ಅಂಟಿಕೊಂಡು ಮೇಲೇರುತ್ತವೆ, ನೊರೆಯಾಗಿ ಬಟ್ಟಲಿಗೆ ಬೀಳುತ್ತವೆ. ಕೆಲವು ದಿನ ಬಿಟ್ಟು ಬಟ್ಟಲು ತೆಗೆದು ನೋಡಿದರೆ ಕಪ್ಪು ಚಹದ ಬಣ್ಣದ, ಮೂಗು ಮುಚ್ಚಿಕೊಳ್ಳುವಂಥ ವಾಸನೆಯ ದ್ರವ ಇರುತ್ತದೆ. ಕೊಳೆತು ಅಮೋನಿಯಾ ಆಗುವ ಮುಂಚೆಯೇ ಹೊರಬಂದ ಗಲೀಜು ಅದು. ನಡುವಿನ ಕೋಣೆಯಲ್ಲಿ ದೀಪ ಹಾಕಿ ಕೀಟೊಮಾರ್ಫಾ ಎಂಬ, ಹಸಿರು ನೂಲಿನ ಉಂಡೆಯಂತೆ ಕಾಣುವ ಕಡಲಪಾಚಿ ಬೆಳೆಸುವವರಿದ್ದಾರೆ. ಅದು ನೈಟ್ರೇಟನ್ನು ಹೀರಿ ಬೆಳೆಯುತ್ತದೆ. ಬೆಳೆದದ್ದನ್ನು ಕಿತ್ತು ಎಸೆದರೆ ನೈಟ್ರೇಟೂ ಹೊರಹೋದಂತೆ. ಕೊನೆಯ ಕೋಣೆಯಲ್ಲಿ ನೀರನ್ನು ಮೇಲೆತ್ತುವ ರಿಟರ್ನ್ ಪಂಪು.

ಈ ಕೊನೆಯ ಕೋಣೆಯಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೇಲಿನ ತೊಟ್ಟಿಯ ಮಟ್ಟವನ್ನು ಕೋಡಿ ಹಿಡಿದಿಟ್ಟಿದೆ, ಸಂಪಿನ ಮೊದಲ ಕೋಣೆಗಳ ಮಟ್ಟವನ್ನು ಅಡ್ಡಗೋಡೆಗಳು ಹಿಡಿದಿಟ್ಟಿವೆ. ಆದ್ದರಿಂದ ಇಡೀ ವ್ಯವಸ್ಥೆಯಲ್ಲಿ ಎಲ್ಲಿಯೇ ನೀರು ಆವಿಯಾದರೂ ಇಳಿಕೆ ಕಾಣುವುದು ಪಂಪಿನ ಕೋಣೆಯಲ್ಲಿ ಮಾತ್ರ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೇಲಿನ ತೊಟ್ಟಿ 60 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರ. ದಿನಕ್ಕೆ ಎರಡು ಲೀಟರ್ ಆವಿಯಾಯಿತು ಎಂದುಕೊಳ್ಳಿ. ಸಂಪು ಇಲ್ಲದಿದ್ದರೆ ತೊಟ್ಟಿಯ ಮಟ್ಟ ಒಂದು ಸೆಂಟಿಮೀಟರ್ ಕೂಡ ಇಳಿಯುವುದಿಲ್ಲ, ಕಣ್ತಪ್ಪಿಹೋಗುತ್ತದೆ. ಪಂಪಿನ ಕೋಣೆ 15 ಸೆಂಟಿಮೀಟರ್ ಉದ್ದ, 30 ಅಗಲ ಇದ್ದರೆ ಅಲ್ಲಿ ಅದೇ ಎರಡು ಲೀಟರಿಗೆ ನಾಲ್ಕೂವರೆ ಸೆಂಟಿಮೀಟರಿನಷ್ಟು ಇಳಿಕೆ. ನೀರಿನ ಮಟ್ಟ ಇಳಿದದ್ದನ್ನು ಗುರುತಿಸುವ ಫ್ಲೋಟ್ ಸ್ವಿಚ್ ಅಲ್ಲಿಟ್ಟರೆ, ಇಳಿದಷ್ಟು ಸಿಹಿನೀರು ಪಕ್ಕದಲ್ಲಿಟ್ಟ ಕ್ಯಾನಿನಿಂದ ತಾನಾಗಿ ಬಂದು ಸೇರುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿದುಬಿಡುತ್ತದೆ. ಹಾಗಾಗಿ ತುಂಬಿಸಬೇಕಾದ್ದು ಉಪ್ಪು ಬೆರೆಸದ ಆರ್‌ಓ ನೀರು. ಬೋರ್‌ವೆಲ್ ನೀರು ಹಾಕಿದರೆ ಅದರಲ್ಲಿ ಕರಗಿರುವ ಅಂಶಗಳೆಲ್ಲ ದಿನದಿಂದ ದಿನಕ್ಕೆ ತೊಟ್ಟಿಯಲ್ಲಿ ಕೂಡುತ್ತ ಹೋಗುತ್ತವೆ.

ಸಂಪು ಇಟ್ಟರೆ ಒಟ್ಟು ನೀರು ಹೆಚ್ಚುತ್ತದೆ, ಅದರಿಂದಲೇ ಎಲ್ಲ ಸರಿಹೋಗುತ್ತದೆ ಎಂಬ ಮಾತಿದೆ. ಇದನ್ನೂ ಲೆಕ್ಕ ಹಾಕಿ ನೋಡಬಹುದು. ನೂರು ಲೀಟರ್ ನೀರಿನಲ್ಲಿ ಮೂರು ದಿನಕ್ಕೆ ಆರು ಲೀಟರ್ ಆವಿಯಾದರೆ ಲವಣಾಂಶ 35ರಿಂದ ಸುಮಾರು 37.2ಕ್ಕೆ ಏರುತ್ತದೆ. ಸಂಪಿನ 36 ಲೀಟರ್ ಸೇರಿಸಿಕೊಂಡರೆ 36.6. ಲಾಭ ಇದೆ, ಆದರೆ ದೊಡ್ಡದಲ್ಲ. ಸ್ಥಿರತೆ ತಂದುಕೊಡುವುದು ಮುಖ್ಯವಾಗಿ ಸ್ಕಿಮ್ಮರ್ ಮತ್ತು ಪ್ರತಿದಿನದ ಸಿಹಿನೀರಿನ ಪೂರೈಕೆ. ಸಂಪು ಇವೆರಡನ್ನೂ ಸುಲಭ ಮಾಡುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಕರೆಂಟು ಹೋದರೆ ಏನಾಗುತ್ತದೆ? ಪಂಪು ನಿಂತ ಕೂಡಲೇ ಕೋಡಿಗಿಂತ ಮೇಲಿದ್ದ ನೀರು ಸಂಪಿಗೆ ಇಳಿಯುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಪಂಪಿನಿಂದ ಮೇಲೇರಿದ ಪೈಪಿನ ಬಾಯಿ ನೀರಿನಲ್ಲಿ ಮುಳುಗಿರುತ್ತದಲ್ಲ, ಆ ದಾರಿಯಲ್ಲಿಯೂ ನೀರು ಹಿಮ್ಮುಖವಾಗಿ ಇಳಿಯತೊಡಗುತ್ತದೆ. ಡ್ರಮ್ಮಿಗೆ ಪೈಪು ಇಳಿಬಿಟ್ಟು ಬಾಯಿಂದ ಎಳೆದು ಸೀಮೆಎಣ್ಣೆ ಇಳಿಸುತ್ತಿದ್ದದ್ದು ನೆನಪಿರುವವರಿಗೆ ಇದು ಹೊಸದಲ್ಲ. ಇದೇ ಸೈಫನ್. ಪೈಪಿನ ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೂ ಅದು ನಿಲ್ಲದು.

ನಮ್ಮ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ನೀರು ಎಂದರೆ 2.7 ಲೀಟರ್. ಪೈಪಿನ ಬಾಯಿ ಮೂರು ಸೆಂಟಿಮೀಟರ್ ಆಳದಲ್ಲಿದ್ದರೆ ಸುಮಾರು 8 ಲೀಟರ್, ಪೈಪು ಮತ್ತು ಕೋಡಿಪೆಟ್ಟಿಗೆಯಲ್ಲಿದ್ದ ನೀರು ಸೇರಿ 10 ಲೀಟರ್ ಕೆಳಗಿಳಿಯುತ್ತದೆ. ಸಂಪು 60 ಸೆಂಟಿಮೀಟರ್ ಉದ್ದ, 30 ಅಗಲ, 35 ಎತ್ತರ ಇದ್ದು, 20 ಸೆಂಟಿಮೀಟರ್ ಮಟ್ಟದಲ್ಲಿ ನಡೆಯುತ್ತಿದ್ದರೆ ಅದರಲ್ಲಿ ಇನ್ನೂ 27 ಲೀಟರಿಗೆ ಜಾಗವಿದೆ. ಹತ್ತು ಲೀಟರ್ ನಿರಾಯಾಸವಾಗಿ ಹಿಡಿಯುತ್ತದೆ. ಅದೇ ಪೈಪಿನ ಬಾಯಿ 15 ಸೆಂಟಿಮೀಟರ್ ಆಳದಲ್ಲಿದ್ದರೆ ಇಳಿಯುವ ನೀರು 40 ಲೀಟರಿಗೂ ಹೆಚ್ಚು. ಹನ್ನೆರಡು ಲೀಟರಿಗಿಂತ ಹೆಚ್ಚು ಉಪ್ಪುನೀರು ಹಾಲಿನ ನೆಲದ ಮೇಲೆ. ಇದನ್ನು ತಡೆಯಲು ಪೈಪಿನ ಬಾಯಿಯನ್ನು ಮೇಲ್ಮೈಗೆ ಹತ್ತಿರ ಇಡಬೇಕು, ನೀರಿನ ಮಟ್ಟದ ತುಸು ಕೆಳಗೆ ಪೈಪಿಗೊಂದು ಸಣ್ಣ ತೂತು ಕೊರೆಯಬೇಕು. ಮಟ್ಟ ಅಲ್ಲಿಗೆ ಇಳಿದ ಕೂಡಲೇ ತೂತಿನಿಂದ ಗಾಳಿ ಹೊಕ್ಕು ಸೈಫನ್ ಕಡಿಯುತ್ತದೆ. ತೂತು ಪಾಚಿಯಿಂದ ಮುಚ್ಚಿಹೋಗದಂತೆ ಆಗಾಗ ಕೆರೆಯಬೇಕು. ಹಿಮ್ಮುಖ ಹರಿವು ತಡೆಯುವ ವಾಲ್ವ್ ಸಿಗುತ್ತದೆ. ಆದರೆ ಸುಣ್ಣ, ಪಾಚಿ ಕಟ್ಟಿಕೊಂಡು ಅದು ಪೂರ್ತಿ ಮುಚ್ಚದೇ ಹೋಗಬಹುದು. ಅದೊಂದನ್ನೇ ನಂಬಬಾರದು.

ತಿರುವುಮುರುವಾದ ಅಪಾಯವೂ ಇದೆ. ಕೋಡಿಯ ಪೈಪಿನಲ್ಲಿ ಬಸವನಹುಳುವೋ ಪಾಚಿಯ ಮುದ್ದೆಯೋ ಸಿಕ್ಕಿಕೊಂಡರೆ ನೀರು ಕೆಳಗಿಳಿಯದು, ಪಂಪು ಮಾತ್ರ ಎತ್ತುತ್ತಲೇ ಇರುತ್ತದೆ. ಆಗ ಪಂಪಿನ ಕೋಣೆಯಲ್ಲಿರುವಷ್ಟು ನೀರು ಮೇಲಿನ ತೊಟ್ಟಿಗೆ ಸೇರುತ್ತದೆ. ನಮ್ಮ ಲೆಕ್ಕದ ಕೋಣೆಯಲ್ಲಿ 9 ಲೀಟರ್ ಇದೆ. ಮೇಲಿನ ತೊಟ್ಟಿಯಲ್ಲಿ ಅಂಚಿನವರೆಗೆ ನಾಲ್ಕು ಸೆಂಟಿಮೀಟರ್ ಖಾಲಿ ಬಿಟ್ಟಿದ್ದರೆ ಅದು 10.8 ಲೀಟರ್ ಹಿಡಿಯುತ್ತದೆ. ಅಂದರೆ ಪಂಪಿನ ಕೋಣೆ ಚಿಕ್ಕದಾಗಿರುವುದೇ ಒಂದು ರಕ್ಷಣೆ. ಸಿಹಿನೀರಿನ ಕ್ಯಾನೂ ಚಿಕ್ಕದಿರಲಿ. ಸ್ವಿಚ್ ಕೆಟ್ಟು 20 ಲೀಟರ್ ಒಮ್ಮೆಗೇ ಸೇರಿದರೆ 136 ಲೀಟರಿನ ಲವಣಾಂಶ 35ರಿಂದ ಸುಮಾರು 30.5ಕ್ಕೆ ಕುಸಿಯುತ್ತದೆ. ಹವಳಕ್ಕೆ ಅದು ದೊಡ್ಡ ಪೆಟ್ಟು.

ಇನ್ನು ಜೋಡಣೆಯ ಮಾತು. ಕೋಡಿಗಾಗಿ ಗಾಜಿಗೆ ತೂತು ಕೊರೆಯಬೇಕಾದರೆ ತೊಟ್ಟಿ ಖಾಲಿಯಿರಬೇಕು, ಆ ಗಾಜು ಟಫನ್ಡ್ ಗಾಜಾಗಿರಬಾರದು. ಟಫನ್ಡ್ ಗಾಜಿಗೆ ಡ್ರಿಲ್ ತಾಗಿಸಿದರೆ ಅದು ಪುಡಿಪುಡಿಯಾಗುತ್ತದೆ. ಹವಳ ತುಂಬಿದ ತೊಟ್ಟಿಯನ್ನು ಖಾಲಿ ಮಾಡಲಾಗದವರು ಅಂಚಿಗೆ ನೇತುಹಾಕುವ ಕೋಡಿಪೆಟ್ಟಿಗೆ ಬಳಸುತ್ತಾರೆ. ಅದು ಸೈಫನ್ ಬಲದಿಂದ ನಡೆಯುವಂಥದ್ದು. ಒಳಗೆ ಗಾಳಿ ಸೇರಿ ಸೈಫನ್ ಕಡಿದರೆ ಮೇಲೆ ಹೇಳಿದ ಎರಡನೆಯ ಅಪಾಯವೇ ಎದುರಾಗುತ್ತದೆ. ಹೊಸ ತೊಟ್ಟಿ ಕೊಳ್ಳುವವರು ಮೊದಲೇ ತೂತು ಕೊರೆಸಿಕೊಳ್ಳುವುದು ಲೇಸು. ವಿದ್ಯುತ್ ತಂತಿಗಳು ಪ್ಲಗ್ಗಿಗಿಂತ ಕೆಳಗೆ ಇಳಿಬಿದ್ದು ಮೇಲೇರುವಂತಿರಲಿ. ತಂತಿಗುಂಟ ಹರಿದ ಉಪ್ಪುನೀರು ಆಗ ಪ್ಲಗ್ಗನ್ನು ಮುಟ್ಟದೆ ನೆಲಕ್ಕೆ ತೊಟ್ಟಿಕ್ಕುತ್ತದೆ. ಯುಪಿಎಸ್ ಇದ್ದರೆ ಮೊದಲು ವೇವ್‌ಮೇಕರಿಗೆ ಕೊಡಿ. ಕರೆಂಟು ಹೋದ ರಾತ್ರಿ ಮೀನಿಗೆ ಬೇಕಾದ್ದು ಆಮ್ಲಜನಕ; ಮೇಲ್ಮೈ ಅಲುಗುತ್ತಿದ್ದರೆ ಅದು ನೀರಿಗೆ ಬೆರೆಯುತ್ತದೆ.

ಹಾಗಾದರೆ ಯಾರಿಗೆ ಸಂಪು ಬೇಕು? ಐವತ್ತು ಅರವತ್ತು ಲೀಟರಿನ ತೊಟ್ಟಿಯಲ್ಲಿ ಒಂದೆರಡು ಸಣ್ಣ ಮೀನು, ಮೃದು ಹವಳ ಇಟ್ಟವರಿಗೆ ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರು ಬದಲಿಸುವ ಶಿಸ್ತು ಸಾಕು ಎಂಬುದು ನನ್ನ ಅಭಿಪ್ರಾಯ. ನೂರು ಲೀಟರ್ ದಾಟಿದ ಮೇಲೆ, ಮೀನು ಹೆಚ್ಚಿಸುವ ಮನಸ್ಸಿದ್ದರೆ, ಸಂಪು ಹಾಕಿದ ಖರ್ಚು ಸಾರ್ಥಕವೇ.

ಈ ಎಚ್ಚರವೆಲ್ಲ ಬರೀ ನೆಲ ನೆನೆಯದಿರಲಿ ಎಂದಲ್ಲ. ಮನೆಗೆ ಬರುವ ಕಡಲ ಜೀವಿಗಳಲ್ಲಿ ಬಹಳಷ್ಟು ಇಂದಿಗೂ ಕಡಲಿನಿಂದ ಹಿಡಿದು ತಂದವೇ. ಕ್ಲೌನ್ ಮೀನಿನಂಥವನ್ನು ಸೆರೆಯಲ್ಲೇ ಮರಿ ಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಅಂಥ ಮೀನನ್ನೇ ಕೇಳಿ ಕೊಳ್ಳಿ. ಭಾರತದ ಕಡಲಿನ ಗಟ್ಟಿ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಹವಳವನ್ನು ನೀರಿಗಿಳಿದು ನೋಡಿ ಬರಬಹುದು, ಕಿತ್ತು ತರುವಂತಿಲ್ಲ. ಎಲ್ಲಿಂದ ಬಂತೆಂಬ ಕಾಗದಪತ್ರ ಇಲ್ಲದ ಹವಳವನ್ನು ಕೊಳ್ಳಲೇಬೇಡಿ.

ಸಂಪು ಜೋಡಿಸಿದ ದಿನ ಒಂದು ಕೆಲಸ ಮಾಡಿ. ಹೊಸ ಜೀವಿಗಳನ್ನು ಬಿಡುವ ಮುನ್ನ, ಹಗಲು ಹೊತ್ತಿನಲ್ಲಿ, ಪಂಪಿನ ಸ್ವಿಚ್ ಆರಿಸಿ ಸಂಪಿನ ಮುಂದೆ ಕುಳಿತುಕೊಳ್ಳಿ. ನೀರು ಏರಿ ನಿಂತ ಕಡೆ ಗಾಜಿನ ಮೇಲೆ ಮಾರ್ಕರಿನಿಂದ ಗೆರೆ ಎಳೆಯಿರಿ. ಸ್ವಿಚ್ ಹಾಕಿ, ನೀರು ಇಳಿದು ನಿಂತ ಕಡೆ ಇನ್ನೊಂದು ಗೆರೆ ಎಳೆಯಿರಿ. ಪಂಪು ನಡೆಯುವಾಗ ಕೆಳಗಿನ ಗೆರೆ ದಾಟಿ ನೀರು ತುಂಬಬೇಡಿ. ಮೇಲಿನ ಗೆರೆ ಸಂಪಿನ ಅಂಚಿಗಿಂತ ಸಾಕಷ್ಟು ಕೆಳಗಿದ್ದರೆ ಮಾತ್ರ ಮೀನು ತನ್ನಿ.