ತಿಥಿ ನೋಡಿ ಬರುವ ಅತಿಥಿ

ಒಂದು ಶನಿವಾರ ಬೆಳಗ್ಗೆ ಮಡಿಕೇರಿಯ ನಮ್ಮ ತರಗತಿಯಲ್ಲಿ ಹಳಗನ್ನಡದ ಪಾಠ ನಡೆದಿತ್ತು. ನಡುವೆ ‘ಅತಿಥಿ’ ಎಂಬ ಮಾತು ಬಂತು. ಅಧ್ಯಾಪಕನ ಚಪಲ, ಪದ್ಯವನ್ನು ಅಲ್ಲಿಯೇ ಬಿಟ್ಟು ಶಬ್ದದ ಬೆನ್ನು ಹತ್ತಿದೆ. ಬರುವ ತಿಥಿ ಇಂಥದೆಂದು ಗೊತ್ತಿಲ್ಲದವನು ಅತಿಥಿ ಎಂಬುದು ಪರಂಪರೆಯ ನಿರ್ವಚನ; ಧಾತುವನ್ನು ಹಿಡಿದು ಸದಾ ಸಂಚರಿಸುವವನು ಎಂದು ಅರ್ಥ ಹೇಳುವವರೂ ಉಂಟು ಎಂದು ವಿವರಿಸುತ್ತಿದ್ದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, “ಹಾಗಾದರೆ ಸಾರ್, ನಮ್ಮೂರಿಗೆ ಬರುವವರು ಅತಿಥಿಗಳೇ ಅಲ್ಲ. ಅವರು ಬರುವ ತಿಥಿ ಎಲ್ಲರಿಗೂ ಗೊತ್ತು. ಶುಕ್ರವಾರ ರಾತ್ರಿ” ಎಂದ. ತರಗತಿ ನಕ್ಕಿತು, ನಾನೂ ನಕ್ಕೆ.

ನಕ್ಕು ಮುಗಿದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಆ ಹುಡುಗ ಅಂದು ಅರ್ಧ ಗಂಟೆ ತಡವಾಗಿ ಬಂದಿದ್ದ. ಅವನಿದ್ದ ಬಸ್ಸು ಊರ ಹೊರಗೆ ಪ್ರವಾಸಿಗರ ಮೋಟಾರುಗಳ ಸಾಲಿನಲ್ಲಿ ಸಿಕ್ಕಿಕೊಂಡಿತ್ತು. ಅವನ ವಿನೋದದ ಅಡಿಯಲ್ಲಿ ತುಸು ಕಹಿಯಿತ್ತು. ಆ ಕಹಿಗೆ ಕಾರಣವೂ ಇತ್ತು.

ಮಡಿಕೇರಿ ದೊಡ್ಡ ಊರಲ್ಲ. 1681ರಲ್ಲಿ ಮುದ್ದುರಾಜ ಇಲ್ಲಿ ತನ್ನ ರಾಜಧಾನಿಯನ್ನು ಕಟ್ಟಿದಾಗ ಬೆಟ್ಟದ ಇಳುಕಲುಗಳು ಹಗೆಯನ್ನು ದೂರವಿಡಲು ಅನುಕೂಲವಾಗಿದ್ದುವು. ಸಾವಿರಾರು ಮೋಟಾರುಗಳನ್ನು ಬರಮಾಡಿಕೊಳ್ಳುವ ಯೋಚನೆ ಅವನಿಗಿರಲು ಸಾಧ್ಯವಿರಲಿಲ್ಲ. 2011ರ ಜನಗಣತಿಯಂತೆ ಪಟ್ಟಣದಲ್ಲಿದ್ದವರು ಸುಮಾರು 33 ಸಾವಿರ ಜನ. ಇಡೀ ಕೊಡಗಿನಲ್ಲಿ ಐದೂವರೆ ಲಕ್ಷ. ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ ಜಿಲ್ಲೆಯ ಜನಸಂಖ್ಯೆ ಬೆಳೆದದ್ದು ನೂರಕ್ಕೆ ಒಂದರಷ್ಟು ಮಾತ್ರ. ಇದ್ದವರ ಸಂಖ್ಯೆ ನಿಂತಲ್ಲೇ ನಿಂತಿದೆ. ಬಂದು ಹೋಗುವವರ ಸಂಖ್ಯೆಗೆ ಲಗಾಮಿಲ್ಲ. ವಾರದ ಕೊನೆಗೆ ಒಂದು ಸರಕಾರಿ ರಜೆ ಸೇರಿಕೊಂಡಿತೆಂದರೆ ರಾಜಾಸೀಟಿನ ದಾರಿಯಲ್ಲಿ ನಡೆಯುವವನಿಗೂ ಎಡೆಯಿರುವುದಿಲ್ಲ. ಅಬ್ಬಿ ಜಲಪಾತದ ತಿರುವುಗಳಲ್ಲಿ ಹಾಲಿನವನ ಸೈಕಲ್ಲು ನಿಲ್ಲುತ್ತದೆ. ಮಾಂದಲಪಟ್ಟಿಯ ಹುಲ್ಲುಗಾವಲಿನಲ್ಲಿ ಸೋಮವಾರ ಬೆಳಗ್ಗೆ ಮಂಜಿನ ಜೊತೆಗೆ ಸೀಸೆಗಳೂ ಹೊಳೆಯುತ್ತವೆ. ಬೇಸಗೆಯಲ್ಲಿ ಕೂಟುಹೊಳೆಯ ನೀರು ತಗ್ಗಿದಾಗ ಮನೆಗಳ ನಲ್ಲಿ ಸೊರಗುತ್ತದೆ. ಕೋಣೆಗಳನ್ನು ಬಾಡಿಗೆಗೆ ಕೊಡುವವರ ಬಾಗಿಲಿಗೆ ಟ್ಯಾಂಕರು ಬರುತ್ತದೆ.

ಇವೆಲ್ಲ ಕಣ್ಣಿಗೆ ಕಾಣುವ ಕಿರುಕುಳಗಳು. ಕಣ್ಣಿಗೆ ಕಾಣದ ಇನ್ನೊಂದನ್ನು ಹೇಳಬೇಕು. ನನ್ನ ನೆರೆಮನೆಯಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯೊಬ್ಬರು ಹನ್ನೊಂದು ವರ್ಷ ಬಾಡಿಗೆಗಿದ್ದರು. ಭಾಗಮಂಡಲದ ಕಡೆಯ ಹಳ್ಳಿಯವರು. ಗಂಡ ತೀರಿಕೊಂಡ ಮೇಲೆ ಮಗಳೊಡನೆ ಇಲ್ಲಿ ನೆಲೆಸಿದ್ದರು. ಕಕ್ಕಡ ಮಾಸದ 18ನೆಯ ದಿನ, ಎಂದರೆ ಆಗಸ್ಟ್ ಮೊದಲ ವಾರದ ಜಡಿಮಳೆಯಲ್ಲಿ, ಮದ್ದುಸೊಪ್ಪಿನ ಪಾಯಸ ಮಾಡುವುದು ಈ ನಾಡಿನ ವಾಡಿಕೆ. ಸೊಪ್ಪಿಗೆ ಔಷಧಗುಣ ಕೂಡುವುದು ಆ ದಿನವೇ ಎಂದು ನಂಬಿಕೆ. ಆ ನೇರಿಳೆ ಬಣ್ಣದ ಪಾಯಸ ಹನ್ನೊಂದು ವರ್ಷವೂ ಒಂದು ಪಾತ್ರೆಯಲ್ಲಿ ನಮ್ಮ ಮನೆಗೆ ಬಂದಿತ್ತು.

ಕಳೆದ ವರ್ಷ ಮನೆಯ ಒಡೆಯರು ಬಂದು ಅವರಿಗೆ ಹೇಳಿದರು: “ಬೇಜಾರು ಮಾಡ್ಕೊಬೇಡಿ ಟೀಚರೇ. ನೀವು ತಿಂಗಳಿಗೆ ಕೊಡೋದನ್ನು ಅವರು ಎರಡು ಶನಿವಾರಕ್ಕೆ ಕೊಟ್ಟು ಹೋಗ್ತಾರೆ. ನನಗೂ ಮಕ್ಕಳಿದ್ದಾರೆ.” ಒಡೆಯರು ದುಷ್ಟರಲ್ಲ. ಹನ್ನೊಂದು ವರ್ಷದಲ್ಲಿ ಎರಡೇ ಬಾರಿ ಬಾಡಿಗೆ ಏರಿಸಿದವರು. ಮೂರು ತಿಂಗಳ ಕಾಲಾವಕಾಶವನ್ನೂ ಕೊಟ್ಟರು. ಉಪಾಧ್ಯಾಯಿನಿ ಊರಲ್ಲೆಲ್ಲ ಮನೆ ಹುಡುಕಿದರು. ಅವರ ಸಂಬಳಕ್ಕೆ ಎಟಕುವ ಮನೆ ಕುಶಾಲನಗರದಲ್ಲಿ ಸಿಕ್ಕಿತು. ಈಗ ಅವರು ಮುಂಜಾನೆ ಬಸ್ಸು ಹತ್ತಿ ಮೂವತ್ತು ಕಿಲೋಮೀಟರು ಬೆಟ್ಟ ಏರಿ ಬಂದು ಮಡಿಕೇರಿಯ ಮಕ್ಕಳಿಗೆ ಅಕ್ಷರ ಕಲಿಸಿ ಸಂಜೆ ಇಳಿದುಹೋಗುತ್ತಾರೆ. ಊರಿನಲ್ಲಿ ವರ್ಷವಿಡೀ ಬೇಕಾದವರಿಗೆ ಊರಿನಲ್ಲಿ ಸೂರಿಲ್ಲ. ವರ್ಷದಲ್ಲಿ ಎರಡು ರಾತ್ರಿ ಕಳೆಯುವವರಿಗೆ ಸಾಲು ಸಾಲು ಸೂರು.

ಇಷ್ಟು ಹೇಳಿ ಪ್ರವಾಸಿಗರನ್ನು ಶಪಿಸಿ ಲೇಖನ ಮುಗಿಸಬಹುದಿತ್ತು. ಅದು ನ್ಯಾಯವಾಗದು. ಕಳೆದ ಶತಮಾನ ಮುಗಿದು ಹೊಸದು ಹುಟ್ಟುವ ಹೊತ್ತಿಗೆ ಕಾಫಿಯ ಬೆಲೆ ಪಾತಾಳಕ್ಕೆ ಇಳಿಯಿತು. ಕಾಫಿ ಮಂಡಲಿಯೇ ಬೆಳೆಯನ್ನೆಲ್ಲ ಕೊಳ್ಳುತ್ತಿದ್ದ ಕಾಲ 1990ರ ದಶಕದಲ್ಲೇ ಮುಗಿದಿತ್ತು. ಸಣ್ಣ ಬೆಳೆಗಾರ ಜಗತ್ತಿನ ಮಾರುಕಟ್ಟೆಯ ಮುಂದೆ ಒಬ್ಬನೇ ನಿಂತಿದ್ದ. ಆಗ ಎಷ್ಟೋ ಸಂಸಾರಗಳು ಹಳೆಯ ಮನೆಯ ಒಂದೆರಡು ಕೋಣೆಗಳನ್ನು ಸುಣ್ಣ ಬಳಿಸಿ ಪರಸ್ಥಳದವರಿಗೆ ತೆರೆದುವು. ತೋಟ ಉಳಿಯಿತು, ಮಕ್ಕಳ ಓದು ಸಾಗಿತು. ಹೋಂಸ್ಟೇ ಎಂಬ ಏರ್ಪಾಡಿನ ಹುಟ್ಟಿನಲ್ಲಿ ದುರಾಶೆಗಿಂತ ಕಷ್ಟವೇ ಹೆಚ್ಚಿತ್ತು. ಮನೆಯವರು ತಾವೂ ಅಲ್ಲಿಯೇ ಇದ್ದು, ತಮ್ಮ ಒಲೆಯ ಅಡಿಗೆಯನ್ನೇ ಬಡಿಸಿ, ಬಂದವರೊಡನೆ ಜಗಲಿಯಲ್ಲಿ ಕುಳಿತು ಮಾತನಾಡುತ್ತಿದ್ದರು. ಸರಕಾರವೂ ತನ್ನ ಯೋಜನೆಗೆ ‘ಅತಿಥಿ’ ಎಂದೇ ಹೆಸರಿಟ್ಟಿತು. ಒಡೆಯ ವಾಸವಾಗಿರುವ ಮನೆಯೇ ಆಗಿರಬೇಕೆಂಬುದು ಅದರ ಮೂಲ ಕಲ್ಪನೆ. ಅತಿಥಿ ಎಂಬ ಮಾತಿಗೆ ಅರ್ಥ ಬರುವುದು ಆತಿಥೇಯನೊಬ್ಬ ಮನೆಯಲ್ಲಿದ್ದಾಗ ಅಲ್ಲವೆ? ಈಗ ಎಷ್ಟೋ ಕಡೆ ಒಡೆಯ ಬೆಂಗಳೂರಿನಲ್ಲಿದ್ದಾನೆ. ಬೀಗದ ಕೈ ಕಾವಲುಗಾರನ ಬಳಿ ಇದೆ. ಮನೆ ಉಳಿದಿದೆ, ಮನೆಯವರು ಇಲ್ಲ.

ತಿಥಿ ನೋಡಿ ಬರುವುದೇ ತಪ್ಪೆಂದೂ ಹೇಳಲಾಗದು. ತುಲಾ ಸಂಕ್ರಮಣದ ದಿನ ತಲಕಾವೇರಿಗೆ ಬರುವ ಯಾತ್ರಿಕ ಗಳಿಗೆಯನ್ನೂ ನೋಡಿಯೇ ಬರುತ್ತಾನೆ. ಕಾವೇರಿ ಹುಟ್ಟುವ ಆ ಕ್ಷಣಕ್ಕೆ ಚಳಿಯಲ್ಲಿ ಕಾದು, ತೀರ್ಥವನ್ನು ಪಾತ್ರೆಯಲ್ಲಿ ತುಂಬಿಕೊಂಡು, ಮನೆಯಲ್ಲಿ ಕಾದಿರುವವರಿಗೆಂದು ಒಯ್ಯುತ್ತಾನೆ. ತಾನು ಕೊಂಡೊಯ್ಯುತ್ತಿರುವುದು ಹಣಕ್ಕೆ ಸಿಕ್ಕುವುದಲ್ಲವೆಂಬ ಅರಿವು ಅವನಿಗಿದೆ. ಕಾಫಿಯ ಕೊಯ್ಲಿಗೆ ಬರುವ ಕೂಲಿಯವರೂ ಋತು ನೋಡಿ ಬರುವವರೇ. ಹಿಂದೆ ಸುತ್ತಣ ಸೀಮೆಗಳಿಂದ ಬರುತ್ತಿದ್ದರು. ಈಗ ಅಸ್ಸಾಮಿನಿಂದಲೂ ಬರುತ್ತಾರೆ. ಲೈನ್ ಮನೆಗಳಲ್ಲಿದ್ದು, ಮಾಗಿಯ ಮಂಜಿನಲ್ಲಿ ಹಣ್ಣು ಬಿಡಿಸಿ, ಬೇಸಗೆಗೆ ಮರಳುವ ಇವರನ್ನು ನಾವು ಯಾರೂ ಅತಿಥಿಗಳೆಂದು ಕರೆದಿಲ್ಲ. ಊರವರ ಕಡೆಯ ಲೋಪಗಳನ್ನು ಎಣಿಸುವಾಗ ಇದನ್ನೂ ಎಣಿಸಬೇಕು. ಹಣ ತರುವವನಿಗೆ ನಗುಮುಖ, ದುಡಿಮೆ ತರುವವನಿಗೆ ಗಂಟುಮುಖ ಎಂದಾದರೆ ಆತಿಥ್ಯದ ಹೆಸರೆತ್ತುವ ಹಕ್ಕು ನಮಗೂ ಉಳಿಯುವುದಿಲ್ಲ.

‘ಊರವರು’ ಎನ್ನುವಾಗ ನನ್ನ ದನಿ ತುಸು ತಗ್ಗುತ್ತದೆ. ನಾನೂ ಬಯಲುಸೀಮೆಯಿಂದ ಕೆಲಸದ ಮೇಲೆ ಬಂದವನು. ಊರಿಗೆ ಸೇರಿದವನು ಯಾರು ಎಂಬ ಪ್ರಶ್ನೆ ಬಂದಾಗಲೆಲ್ಲ ನನಗೆ ನೆನಪಾಗುವವರು ಪಂಜೆ ಮಂಗೇಶರಾಯರು. 1874ರಲ್ಲಿ ಬಂಟವಾಳದಲ್ಲಿ ಹುಟ್ಟಿದ ಅವರು ವಿದ್ಯಾ ಇಲಾಖೆಯ ಕೆಲಸದ ಮೇಲೆ ಕೊಡಗಿಗೆ ಬಂದವರು. ಮಡಿಕೇರಿಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ಕೊಡಗಿನ ಸುಗ್ಗಿಯ ಹಬ್ಬವನ್ನು ಕುರಿತು ಕನ್ನಡಕ್ಕೆ ‘ಹುತ್ತರಿ ಹಾಡು’ ಬಂದದ್ದು ಈ ಹೊರಗಿನವರಿಂದ. ಇಂದು ಕೊಡಗಿನ ಮಕ್ಕಳು ಅದನ್ನು ತಮ್ಮದೆಂದೇ ಹಾಡುತ್ತಾರೆ. ಪಂಜೆಯವರು ಇಲ್ಲಿಯ ಬೆಟ್ಟವನ್ನು ಕಂಡವರು ಮಾತ್ರವಲ್ಲ. ಇಲ್ಲಿಯ ಮಕ್ಕಳಿಗೆ ಪಾಠ ಹೇಳಿದವರು, ಇಲ್ಲಿಯ ಮಳೆಯನ್ನು ಕಳೆದವರು. ನಾಡಿಗೆ ಸೇರುವುದಕ್ಕೆ ಹುಟ್ಟೂ ಬೇಡ, ಪಟ್ಟೆಯೂ ಬೇಡ. ಋಣ ಬೇಕು ಎಂದು ನನಗೆ ತೋರುತ್ತದೆ.

ಬೆಲೆ ಬೇರೆ, ಋಣ ಬೇರೆ. ಬೆಲೆಯನ್ನು ಕೊಟ್ಟ ಕ್ಷಣಕ್ಕೆ ಸಂಬಂಧ ತೀರುತ್ತದೆ. ಋಣವನ್ನು ಒಪ್ಪಿದ ಕ್ಷಣದಿಂದ ಸಂಬಂಧ ಮೊದಲಾಗುತ್ತದೆ. ಅನ್ನದ ಋಣ, ನೀರಿನ ಋಣ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ. ಕೋಣೆಗೆ ಹಣ ತೆತ್ತೆ, ಆದ್ದರಿಂದ ಬೆಟ್ಟವೂ ನನ್ನದು, ರಾತ್ರಿಯ ಮೌನವೂ ನನ್ನದು ಎಂದು ಪ್ರವಾಸಿಗ ತಿಳಿಯುವುದು ಒಂದು ಭ್ರಮೆ. ಹಣ ಬಂತು, ಆದ್ದರಿಂದ ಗದ್ದೆಯನ್ನೂ ಇಳುಕಲನ್ನೂ ನೆರೆಯವರ ಸೂರನ್ನೂ ಮಾರಬಹುದು ಎಂದು ಊರವನು ತಿಳಿಯುವುದು ಅದೇ ಭ್ರಮೆಯ ಇನ್ನೊಂದು ಮುಖ. ನಾನೂ ಇದಕ್ಕೆ ಹೊರತಲ್ಲ. ಬೇಸಗೆಯ ರಜೆಯಲ್ಲಿ ಗೋಕರ್ಣಕ್ಕೆ ಹೋದಾಗ ಎಳನೀರಿನ ಬೆಲೆಗೆ ಗೊಣಗಿದ್ದೇನೆ; ಎಳನೀರು ಕೊಚ್ಚಿಕೊಟ್ಟವಳ ಮನೆಯ ಬಾವಿಯಲ್ಲಿ ನೀರಿದೆಯೆ ಎಂದು ಕೇಳಿದವನಲ್ಲ.

ಋಣದ ಲೆಕ್ಕ ಬಯಲಾದದ್ದು 2018ರ ಆಗಸ್ಟಿನಲ್ಲಿ. ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲುಗಳ ಕಡೆ ಬೆಟ್ಟಗಳು ಕುಸಿದುವು. ತೋಟ ತೋಟವೇ ಜಾರಿ ಕಣಿವೆಗೆ ಇಳಿಯಿತು. ಮಂಗಳೂರಿನ ಹೆದ್ದಾರಿ ಮುರಿಯಿತು. ಮರುವರ್ಷ ತೋರಾ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಮಣ್ಣು ಕುಸಿದು ಜೀವಗಳನ್ನು ನುಂಗಿತು. ಮಳೆಯ ಅತಿರೇಕದ ಜೊತೆಗೆ, ಇಳುಕಲನ್ನು ಕಡಿದು ರಸ್ತೆಯನ್ನೂ ಕಟ್ಟಡವನ್ನೂ ಮಾಡಿದುದೂ ಒಂದು ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಆ ಆಗಸ್ಟಿನಲ್ಲಿ ಪ್ರವಾಸಿಗರನ್ನು ಬರಬೇಡಿರೆಂದು ಕೇಳಿಕೊಳ್ಳಬೇಕಾಯಿತು. ಕೋಣೆಗಳು ಬರಿದಾದುವು. ಉಳಿದವರು ಹೋಗಲು ಬೇರೆ ಊರಿಲ್ಲದವರು. ಶಾಲೆಗಳಲ್ಲಿ ತೆರೆದ ಆಶ್ರಯ ಶಿಬಿರಗಳಲ್ಲಿ ತೋಟದೊಡೆಯನೂ ಲೈನ್ ಮನೆಯ ಕೂಲಿಯೂ ಒಂದೇ ಸಾಲಿನಲ್ಲಿ ಗಂಜಿಗೆ ಕುಳಿತರು. ನನ್ನ ನೆರೆಯ ಉಪಾಧ್ಯಾಯಿನಿ ಹಗಲೂ ರಾತ್ರಿಯೂ ಅಂಥ ಒಂದು ಶಿಬಿರದಲ್ಲಿ ಮಕ್ಕಳನ್ನು ನೋಡಿಕೊಂಡರು. ಕಾಲುನಡಿಗೆಯ ದೂರದಲ್ಲಿ ಮನೆಯಿದ್ದುದರಿಂದ ಅದು ಅವರಿಗೆ ಸಾಧ್ಯವಾಯಿತು. ಇನ್ನೊಮ್ಮೆ ಅಂಥ ಇರುಳು ಬಂದರೆ ಅವರು ಬೆಟ್ಟದ ಕೆಳಗಿರುತ್ತಾರೆ, ರಸ್ತೆ ಮುರಿದಿರುತ್ತದೆ.

ಜಗತ್ತಿನ ಬೇರೆ ಊರುಗಳೂ ಈ ಕಷ್ಟಕ್ಕೆ ದಾರಿ ಹುಡುಕುತ್ತಿವೆ. ನಮ್ಮ ನೆರೆಯ ನೀಲಗಿರಿಗೂ ಕೊಡೈಕಾನಲಿಗೂ ಹೋಗುವ ಮೋಟಾರುಗಳಿಗೆ ಮದರಾಸಿನ ಉಚ್ಚ ನ್ಯಾಯಾಲಯದ ಆದೇಶದಂತೆ 2024ರ ಮೇ 7ರಿಂದ ರಹದಾರಿ ಬೇಕಾಯಿತು. ವೆನಿಸ್ ನಗರ ಅದೇ ವರ್ಷದ ಏಪ್ರಿಲಿನಿಂದ, ಹಗಲು ಬಂದು ಹೋಗುವವರಿಂದ ಆಯ್ದ ದಿನಗಳಲ್ಲಿ 5 ಯೂರೋ ಸುಂಕ ಎತ್ತತೊಡಗಿತು. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ಸೇಂಟ್ ಐವ್ಸ್ ಎಂಬ ಕಡಲ ಊರಿದೆ. ಹೊಸದಾಗಿ ಕಟ್ಟುವ ಮನೆಗಳು ವರ್ಷವಿಡೀ ವಾಸಿಸುವವರಿಗೇ ಮೀಸಲಾಗಬೇಕೆಂದು ಅಲ್ಲಿಯ ಜನ 2016ರಲ್ಲಿ ಮತ ಕೊಟ್ಟು ನಿರ್ಣಯಿಸಿದರು. ಹಳೆಯ ಮನೆಗಳಿಗೆ ಆ ನಿಯಮ ತಗಲಲಿಲ್ಲವಾದ್ದರಿಂದ ಅದರ ಫಲ ಅರ್ಧಮರ್ಧ. ಮೊದಲನೆಯದು ಬಂದವರನ್ನು ಎಣಿಸುವ ಕ್ರಮ. ಎರಡನೆಯದು ಅವರಿಂದ ಬೆಲೆ ಪಡೆಯುವ ಕ್ರಮ. ಮೂರನೆಯದು ಮಾತ್ರ ಇರುವವರನ್ನು ಇರಗೊಡುವ ಕ್ರಮ. ಎಣಿಕೆಯೂ ಬೇಕು, ಸುಂಕವೂ ಬೇಕಾದೀತು; ಆದರೆ ಮೂರನೆಯದಿಲ್ಲದೆ ಮೊದಲೆರಡು ಬರಿಯ ಟಿಕೀಟಿನ ವ್ಯವಹಾರ.

ಆದ್ದರಿಂದ ನನ್ನ ಅಭಿಪ್ರಾಯ ಸರಳವಾದುದು. ಒಡೆಯ ವಾಸವಿಲ್ಲದ ಮನೆಯನ್ನು ಹೋಂಸ್ಟೇ ಎಂದು ಕರೆಯಕೂಡದು. ಅದು ವಸತಿಗೃಹ, ವಸತಿಗೃಹದ ತೆರಿಗೆಯನ್ನೂ ನಿಯಮವನ್ನೂ ಹೊರಲಿ. ಪಟ್ಟಣದ ವಾಸದ ಮನೆಗಳಲ್ಲಿ ದಿನಬಾಡಿಗೆಗೆ ಎಷ್ಟು ಹೋಗಬಹುದೆಂಬುದಕ್ಕೆ ನಗರಸಭೆ ಒಂದು ಮಿತಿ ಹಾಕಲಿ. ಬೇಸಗೆಯ ನೀರು ಮೊದಲು ಮನೆಗಳಿಗೆ, ಶಾಲೆಗೆ, ಆಸ್ಪತ್ರೆಗೆ, ಆಮೇಲೆ ಉಳಿದವರಿಗೆ. ಪ್ರವಾಸಿಗರಿಂದ ಬಂದ ಹಣದ ಒಂದು ಪಾಲು ಉಪಾಧ್ಯಾಯರು, ದಾದಿಯರು, ಪೌರಕಾರ್ಮಿಕರು ಊರೊಳಗೇ ಇರಲು ಬೇಕಾದ ಮನೆಗಳಿಗೆ ಸಲ್ಲಲಿ. ಇವು ಯಾವುವೂ ಬರುವವರಿಗೆ ಬಾಗಿಲು ಮುಚ್ಚುವ ಮಾತಲ್ಲ. ಬಾಗಿಲು ತೆರೆಯಲು ಒಳಗೊಬ್ಬರು ಇರಬೇಕು ಎಂಬ ಮಾತು. ತಿಥಿ ಎಂಬ ಶಬ್ದಕ್ಕೆ ನಮ್ಮ ಆಡುಮಾತಿನಲ್ಲಿ ಇನ್ನೊಂದು ಅರ್ಥವೂ ಇದೆಯಷ್ಟೆ. ಆ ತಿಥಿ ಈ ಊರಿಗೆ ಒದಗದಿರಲಿ.

ಈ ಸಲದ ಕಕ್ಕಡದಲ್ಲಿ ಮಳೆ ಬಿಡದೆ ಹೊಯ್ಯಿತು. 18ನೆಯ ದಿನ ವಾರದ ನಡುವೆ ಬಂದಿತ್ತು. ಸಂಜೆ ಕಾಲೇಜಿನಿಂದ ಬಂದು ಕೊಡೆ ಮಡಿಸುತ್ತ ನೆರೆಮನೆಯ ಕಡೆ ನೋಡಿದೆ. ಹೊಸ ಬಣ್ಣ, ಹೊಸ ಫಲಕ, ಜಗಲಿಯಲ್ಲಿ ಬೆತ್ತದ ಕುರ್ಚಿಗಳು. ಬಾಗಿಲಿಗೆ ಬೀಗ, ಒಳಗೆ ದೀಪವಿಲ್ಲ. ಪಾಯಸ ಬರುವ ಹೊತ್ತಿಗೆ ನನ್ನ ಹೆಂಡತಿ ಯಾವಾಗಲೂ ತೊಳೆದಿಡುತ್ತಿದ್ದ ಪಾತ್ರೆ ಅಡಿಗೆಮನೆಯಲ್ಲಿ ಬೋರಲಾಗಿಯೇ ಇತ್ತು.