ಸಂತೆ ಚೀಲದ ಪೊಟ್ಟಣ

‘ಬಂದ್ ಆತಂತ್ರೀ.’

‘ಏನು?’

‘ಖಾರದ ಅಂಗಡಿ. ಹಲಗಿ ಹಾಕ್ಯಾರ. ಇನ್ನ ತೆಗಿಯಂಗಿಲ್ಲಂತ.’

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಈ ಮೂರೂ ಊರುಗಳಲ್ಲಿ ಹಳೆಯ ತಿಂಡಿ ಅಂಗಡಿಯೊಂದು ಮುಚ್ಚಿದ ಸುದ್ದಿ ಹರಡುವುದು ಹೀಗೆ. ಪತ್ರಿಕೆಯಲ್ಲಿ ಬರುವುದಿಲ್ಲ, ಡಂಗುರ ಸಾರುವುದಿಲ್ಲ. ಚಹಾದಂಗಡಿಯ ಬೆಂಚಿನ ಮೇಲೆ ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ‘ಅಯ್ಯ’ ಎಂದು ಲೊಚಗುಟ್ಟುತ್ತಾರೆ, ಮೂರನೆಯವರು ಅಲ್ಲಿನ ಮಿರ್ಚಿಯ ಗಾತ್ರವನ್ನು ಬೆರಳು ಅಳೆದು ತೋರಿಸುತ್ತಾರೆ. ಆಮೇಲೆ ಯಾರೋ ತರಲೆ ಮನುಷ್ಯ ಕೇಳುತ್ತಾನೆ: ‘ನೀವು ಕಡೀಕ ಹೋಗಿದ್ದು ಯಾವಾಗ್ರೀ?’ ಬೆಂಚು ಸುಮ್ಮನಾಗುತ್ತದೆ.

ದೊಡ್ಡ ಊರಿನಲ್ಲಾದರೆ ಇಂಥ ದುಃಖಕ್ಕೂ ಒಂದು ವ್ಯವಸ್ಥೆ ಇರುತ್ತದೆ. ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ 1954ರಿಂದ ನಡೆದುಬಂದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ವಿಷಯ ಮೊದಲೇ ತಿಳಿದದ್ದರಿಂದ ಜನ ಕಡೆಯ ಬಾರಿಗೆ ಹಸಿರು ಮಸಾಲೆಯ ಇಡ್ಲಿ ತಿನ್ನಲು ಬಂದರು, ಪತ್ರಿಕೆಗಳು ಬರೆದವು, ಪಟ ತೆಗೆದರು. ಹಾವೇರಿಯ ಹಳೆಯ ಪಿ.ಬಿ. ರಸ್ತೆಯ ಅಂಗಡಿಗೆ ಆ ಭಾಗ್ಯವಿಲ್ಲ. ಅದು ಮೊದಲು ಸಂಜೆ ಮಾತ್ರ ತೆರೆಯುತ್ತದೆ, ಬಳಿಕ ಸಂತೆಯ ದಿನ ಮಾತ್ರ. ಒಂದು ದಿನ ‘ಊರಿಗೆ ಹೋಗ್ಯಾರ’ ಎನ್ನುತ್ತಾರೆ. ಆ ಊರಿನಿಂದ ಅವರು ತಿರುಗಿ ಬರುವುದಿಲ್ಲ.

ಅಂಗಡಿಯೆಂದರೆ ಏನಿತ್ತು ಅಲ್ಲಿ? ಹೇಳಿದರೆ ಬಹಳವೇನಿಲ್ಲ. ಎರಡು ಬೆಂಚು, ಎಣ್ಣೆಯ ಹೊಗೆ ಕುಡಿದು ಕಪ್ಪಾದ ಗೋಡೆ, ಗಾಜಿನ ಕಪಾಟಿನಲ್ಲಿ ಬೂಂದಿ ಲಾಡು, ದೊಡ್ಡ ಡಬ್ಬಿಗಳಲ್ಲಿ ಖಾರ. ಬೆಂಚಿನವರಿಗೆ ಗಿರ್ಮಿಟ್ ಮತ್ತು ಮಿರ್ಚಿ. ಆದರೆ ಖಾರ ಮಾಡುವುದು ಹುಡುಗಾಟವಲ್ಲ. ಸೇವು, ಬೂಂದಿ, ಶೇಂಗಾ, ಅವಲಕ್ಕಿ, ಕರಿಬೇವು ಒಂದೊಂದನ್ನೂ ಬೇರೆ ಬೇರೆಯಾಗಿಯೇ ಕರಿಯಬೇಕು. ಬೂಂದಿಗೆ ಹದವಾದ ಎಣ್ಣೆ ಅವಲಕ್ಕಿಗೆ ಸಾಲದು, ಅವಲಕ್ಕಿಗೆ ಕಾದ ಎಣ್ಣೆಯಲ್ಲಿ ಶೇಂಗಾ ಸೀದು ಕಹಿಯಾಗುತ್ತದೆ. ಉಪ್ಪು, ಖಾರದಪುಡಿ ಉದುರಿಸುವುದು ಬಿಸಿ ಇರುವಾಗಲೇ. ಆರಿದ ಮೇಲೆ ಹಾಕಿದರೆ ಪುಡಿಯೆಲ್ಲ ಡಬ್ಬಿಯ ತಳ ಸೇರುತ್ತದೆ. ಪುಡಿಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಇದ್ದರೆ ಬಣ್ಣ ಕೆಂಪಗೆ ಏರುತ್ತದೆ, ನಾಲಗೆ ಮಾತ್ರ ಸುಡುವುದಿಲ್ಲ. ಇದಕ್ಕೆಲ್ಲ ಅಳತೆ ಎಲ್ಲಿ ಬರೆದಿದೆ ಎಂದು ಕೇಳಿದರೆ ಯಜಮಾನರು ಕೈಯನ್ನೇ ತೋರಿಸುವವರು.

ಬ್ಯಾಡಗಿಯ ಮಾರುಕಟ್ಟೆಗೆ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಬರುತ್ತದೆ. ಟೆಂಡರು ಮುಗಿದು, ತೂಕವಾಗಿ, ದಲಾಲಿ ಅಂಗಡಿಯಲ್ಲಿ ಪಟ್ಟಿ ಕೈಗೆ ಬಂದ ಮೇಲೆ ರೈತ ಮಾಡುವ ಮೊದಲ ಖರ್ಚು ಬೀಜದ್ದೂ ಅಲ್ಲ, ಗೊಬ್ಬರದ್ದೂ ಅಲ್ಲ. ಒಂದು ಪ್ಲೇಟು ಮಿರ್ಚಿ ತನಗೆ, ಅರ್ಧ ಕಿಲೊ ಖಾರ ಮನೆಗೆ. ಹಳೆಯ ಪತ್ರಿಕೆಯಲ್ಲಿ ಕಟ್ಟಿ ದಾರ ಸುತ್ತಿದ ಪೊಟ್ಟಣ ಚೀಲದ ಮೇಲ್ಗಡೆಯೇ ಇರಬೇಕು. ಕೆಳಗಿಟ್ಟರೆ ಪುಡಿಯಾಗುತ್ತದೆಂಬುದು ಒಂದು ಕಾರಣ. ಬಾಗಿಲಲ್ಲಿ ಕಾಯುವ ಮಕ್ಕಳ ಕೈಗೆ ಮೊದಲು ಸಿಗಬೇಕೆಂಬುದು ಇನ್ನೊಂದು. ದರ ಬಿದ್ದ ದಿನ ಅರ್ಧ ಕಿಲೊ ಪಾವು ಕಿಲೊ ಆಗುತ್ತಿತ್ತು. ಆ ವಾರದ ಪೇಟೆ ಹೇಗಿತ್ತೆಂದು ಮನೆಯಾಕೆ ಕೇಳಬೇಕಾಗಿರಲಿಲ್ಲ, ಪೊಟ್ಟಣವನ್ನು ಎತ್ತಿ ನೋಡಿದರೆ ಸಾಕಿತ್ತು.

ಮುಚ್ಚಿದ್ದಕ್ಕೆ ಕಾರಣಗಳು ಒಂದೆರಡಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಹೆದ್ದಾರಿ ನಾಲ್ಕು ಪಥವಾಗಿ ಊರ ಹೊರಗಿನಿಂದ ಹಾದುಹೋಯಿತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ಲಾರಿ, ಕಾರು ಹಳೆಯ ರಸ್ತೆಗೆ ಇಳಿಯುವುದು ಕಡಿಮೆಯಾಯಿತು. 1997ರ ಆಗಸ್ಟ್ 24ರಂದು ಹಾವೇರಿ ಜಿಲ್ಲೆಯಾದಾಗ ಪೇಟೆಯವರು ಹಿಗ್ಗಿದ್ದುಂಟು, ಆದರೆ ಜಿಲ್ಲಾಧಿಕಾರಿಗಳ ಕಚೇರಿ ನೆಲೆಗೊಂಡದ್ದು ಊರ ಹೊರಗಿನ ದೇವಗಿರಿಯಲ್ಲಿ. ಅರ್ಜಿ ಹಿಡಿದು ಬಂದವರು ಅತ್ತಲೇ ಚಹಾ ಕುಡಿದು ಹೋದರು. ಬ್ಯಾಡಗಿಯಲ್ಲಿ ಮುಖ್ಯರಸ್ತೆ ಅಗಲೀಕರಣದ ತಕರಾರು ವರ್ಷಗಟ್ಟಲೆ ಎಳೆಯಿತು. ಒಡೆಯುವರೋ ಬಿಡುವರೋ ತಿಳಿಯದ ಕಟ್ಟಡಕ್ಕೆ ಸುಣ್ಣ ಬಳಿಯುವವರು ಯಾರು?

ಇವೆಲ್ಲ ಹೊರಗಿನ ಕಾರಣಗಳು. ಒಳಗಿನದು ಬೇರೆ. ನಸುಕಿನಲ್ಲಿ ಎದ್ದು ಒಲೆ ಮುಂದೆ ನಿಂತು ದುಡಿದ ಮನುಷ್ಯ, ತನ್ನ ಮಗ ಆ ಒಲೆ ಮುಂದೆ ನಿಲ್ಲಬಾರದೆಂದೇ ಓದಿಸಿದ. ಮಗ ಓದಿದ, ಬೆಂಗಳೂರು ಸೇರಿದ. ಇದರಲ್ಲಿ ತಪ್ಪು ಹುಡುಕುವುದು ಹೇಗೆ? ಅಂಗಡಿ ಮುಚ್ಚಿತೆಂದು ಕಣ್ಣೀರಿಡುವ ಗಿರಾಕಿಗಳ ಮಕ್ಕಳೂ ಅದೇ ಊರಿನಲ್ಲಿದ್ದಾರೆ. ಅವರು ತಮ್ಮ ಮಗನನ್ನು ಎಣ್ಣೆ ಬಾಂಡಲೆಯ ಮುಂದೆ ಕೂರಿಸುತ್ತಿದ್ದರೆ?

ಮನೆತನವೇ ಹಿಡಿದು ನಡೆಸಿದ ಕಡೆ ಕೆಲಸ ಉಳಿದಿದೆ, ನಿಜ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದ ಪೇಢೆ ಧಾರವಾಡದಲ್ಲಿ ತಲೆಮಾರುಗಳನ್ನು ದಾಟಿತು. ಇನ್ನೊಂದು ದಾರಿಯೂ ಇದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಜಾಗ ಬಿಡಬೇಕಾದಾಗ ಜನ ಇದೇ ರೀತಿ ಮರುಗಿದರು. ಆದರೆ ಅದು ನೌಕರರದೇ ಸಹಕಾರ ಸಂಘದ ಹೋಟೆಲು. ಹತ್ತಿರದ ಚರ್ಚ್ ಸ್ಟ್ರೀಟಿಗೆ ಹೋಗಿ ಮತ್ತೆ ಒಲೆ ಹಚ್ಚಿತು. ರಾಣೆಬೆನ್ನೂರಿನ ಅಂಗಡಿಯಲ್ಲಿ ಇಪ್ಪತ್ತು ವರ್ಷ ಹಿಟ್ಟು ಕಲಸಿದ ಹುಡುಗನಿಗೂ (ಅವನನ್ನು ನಲವತ್ತು ದಾಟಿದರೂ ಹುಡುಗ ಎಂದೇ ಕರೆಯುತ್ತಾರೆ) ಆ ಕೆಲಸ ಬರುತ್ತಿತ್ತು. ಬಾಡಿಗೆಗೆ ಮುಂಗಡ ಕೊಡುವ ಶಕ್ತಿ ಇರಲಿಲ್ಲ. ಅವನನ್ನು ಯಾರೂ ಕೇಳಲೂ ಇಲ್ಲ. ಎಲ್ಲರೂ ಮಿರ್ಚಿಗಾಗಿ ಮರುಗಿದರು, ಅವನು ಮರುದಿನ ಎಲ್ಲಿಗೆ ಹೋದನೆಂದು ವಿಚಾರಿಸಿದವರು ಕಡಿಮೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಧಾರವಾಡ ಪೇಢೆಗೂ ಅದು ಉಂಟು. ಹೆಸರನ್ನು ಬೇರೆಯವರು ಕದಿಯದಂತೆ ಕಾನೂನು ಕಾಯುತ್ತದೆ. ಹೆಸರೇ ಇಲ್ಲದ, ಬರೀ ‘ಖಾರದ ಅಂಗಡಿ’ ಎನಿಸಿಕೊಂಡದ್ದನ್ನು ಕಾಯಬೇಕಾದವರು ಗಿರಾಕಿಗಳೇ ಆಗಿದ್ದರು. ಅವರೋ, ಪ್ಲೇಟಿಗೆ ಐದು ರೂಪಾಯಿ ಏರಿಸಿದ ದಿನ ಯಜಮಾನರ ಮುಖಕ್ಕೇ ‘ಭಾಳ ಆತ್ರೀ’ ಎಂದು ಹೇಳಿ, ಹೆದ್ದಾರಿ ಬದಿಯ ಹೋಟೆಲಿನಲ್ಲಿ ಅದರ ಮೂರು ಪಟ್ಟು ಕೊಟ್ಟು ಬಂದವರು.

ಈಗ ಆ ಜಾಗದಲ್ಲಿ ಮೊಬೈಲು ಅಂಗಡಿ ಇದೆ. ಗಾಜಿನ ಬಾಗಿಲು, ಬಣ್ಣದ ದೀಪ. ಸೋಮವಾರದ ಪೇಟೆ ಮುಗಿಸಿದ ರೈತ ಪಕ್ಕದ ಕಿರಾಣಿಯಲ್ಲಿ ತೂಗುಬಿಟ್ಟ ಚಿಪ್ಸ್ ಪ್ಯಾಕೆಟುಗಳಲ್ಲಿ ಎರಡನ್ನು ಹರಿದುಕೊಂಡು ಚೀಲಕ್ಕೆ ಹಾಕುತ್ತಾನೆ. ಮೇಲಿಟ್ಟರೂ ಅಷ್ಟೆ, ಕೆಳಗಿಟ್ಟರೂ ಅಷ್ಟೆ. ಬಸ್ಸಿಳಿದವರು ಬ್ಯಾಂಕು ಎಲ್ಲಿ ಎಂದು ಕೇಳಿದರೆ ಅಟೋದವನು ಇನ್ನೂ ಹೇಳುತ್ತಾನೆ: ‘ಖಾರದ ಅಂಗಡಿ ಐತಲ್ರೀ, ಅದರ ಎದುರಿಗೇ.’